ಗೋಡಂಬಿ ಡಬ್ಬಿಯಲ್ಲಿ ಬಾಲಯೇಸು

ನನ್ನ ಕೈಗೆ ಏನನ್ನಾದರೂ ಕೊಟ್ಟು ‘ಜೋಪಾನ’ ಎಂದರೆ ಮುಗಿಯಿತು, ಅದು ಕಳೆದುಹೋದ ಹಾಗೆಯೇ. ಮೇಜಿನ ಮೇಲೆ ಎಸೆದದ್ದು ಹತ್ತು ವರ್ಷವಾದರೂ ಅಲ್ಲೇ ಬಿದ್ದಿರುತ್ತದೆ. ಜೋಪಾನ ಮಾಡಿದ್ದು ಮಾತ್ರ ಮಾಯ. ನನ್ನ ಮದುವೆಯ ಉಂಗುರ, ರೇಷನ್ ಕಾರ್ಡು, ಒಳ್ಳೆಯ ಕೊಡೆ ಎಲ್ಲವೂ ಲಿಂಗರಾಜಪುರದ ನಮ್ಮ ಮನೆಯಲ್ಲೇ ಎಲ್ಲೋ ಭದ್ರವಾಗಿವೆ. ಅವುಗಳ ಚಿಂತೆ ಬಿಟ್ಟು ಬಹಳ ಕಾಲವಾಯಿತು. ಆದರೆ ಒಂದು ವರ್ಷ ದೇವರ ಮಗನನ್ನೇ ಕಳೆದೆ ನೋಡಿ, ಅದನ್ನು ಹೇಳದೆ ಇರಲಾರೆ.

ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ಕಟ್ಟುವ ಕ್ರಿಸ್‌ಮಸ್ಸಿನ ಗೋದಲಿಗೆ ನಮ್ಮ ಮನೆಯಲ್ಲಿ ಅಮ್ಮನೇ ಮೇಸ್ತ್ರಿ. ಅವಳ ಕಾನೂನು ಚರ್ಚಿನ ಗುರುಗಳ ಕಾನೂನಿಗಿಂತ ಬಿಗಿ. ಹುಲ್ಲು ಹಾಸಿ ಮರಿಯ, ಜೋಸೆಫ್, ಹಸು, ಕತ್ತೆ ಎಲ್ಲರನ್ನೂ ಮೊದಲೇ ನಿಲ್ಲಿಸಬಹುದು. ಮಗುವನ್ನು ಮಾತ್ರ ಡಿಸೆಂಬರ್ ಇಪ್ಪತ್ತನಾಲ್ಕರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಅಮ್ಮನೇ ಮಲಗಿಸಬೇಕು. ಹುಟ್ಟದ ಮಗುವನ್ನು ಮಲಗಿಸುವುದು ಹೇಗೆ ಎಂಬುದು ಅವಳ ಪ್ರಶ್ನೆ. ಇನ್ನು ಮೂಡಣದ ಮೂವರು ಜ್ಞಾನಿಗಳು. ಮಗುವನ್ನು ನೋಡಲು ಕಾಣಿಕೆ ಹಿಡಿದು ದೂರದಿಂದ ಬರುವವರಾದ್ದರಿಂದ ಅವರು ಟಿವಿಯ ಮೇಲಿಂದ ಹೊರಡುತ್ತಾರೆ. ದಿನಕ್ಕೊಂದು ಗೇಣಿನಂತೆ ಶೋಕೇಸು, ಸ್ಟೂಲು ದಾಟಿ ಜನವರಿ ಆರಕ್ಕೆ ಗೋದಲಿ ಮುಟ್ಟಬೇಕು. ಒಮ್ಮೆ ಧೂಳು ಹೊಡೆಯುವಾಗ ನನ್ನ ಹೆಂಡತಿ ಸ್ಟೆಲ್ಲಾ ಅವರನ್ನು ಎರಡು ಗೇಣು ಮುಂದೆ ಸರಿಸಿಬಿಟ್ಟಳು. ಅಮ್ಮ ಮೂವರನ್ನೂ ವಾಪಸ್ ಕಳಿಸಿದಳು.

ಆ ಬಾಲಯೇಸು ಅಮ್ಮನ ಮದುವೆಗೆ ಕಾನ್ವೆಂಟಿನ ಸಿಸ್ಟರೊಬ್ಬರು ಕೊಟ್ಟದ್ದು. ಬಟ್ಟೆ ಸುತ್ತಿ ಮಲಗಿಸಿದ, ಬಿಳೀ ಪ್ಲಾಸ್ಟರಿನ ಪುಟ್ಟ ಮಗು. ಗೋಡಂಬಿಗಿಂತ ತುಸು ದೊಡ್ಡದು, ಅದರಂತೆಯೇ ಬಾಗಿದ್ದು. ಆ ವರ್ಷ ಕಣ್ಣಿನ ಆಪರೇಷನ್ ಆದಮೇಲೂ ಅಮ್ಮನಿಗೆ ಎಲ್ಲ ಮಸುಕು ಮಸುಕು. ಮಗುವಿನ ಮೂಗು, ಹಣೆಯನ್ನು ಬೆರಳಲ್ಲಿ ಸವರಿಯೇ ಗುರುತು ಹಿಡಿಯುತ್ತಿದ್ದಳು. ಅಂಗಡಿಯಿಂದ ಬೇರೊಂದು ತಂದು ಮೋಸ ಮಾಡುವಂತಿರಲಿಲ್ಲ.

“ಜೋಪಾನವಾಗಿ ಇಡಪ್ಪ” ಎಂದು ಅದನ್ನು ನನ್ನ ಕೈಗೇ ಕೊಟ್ಟಳು.

ಅಕ್ಕನ ಮಕ್ಕಳ ಕೈಗೆ ಸಿಗಬಾರದೆಂದು ಬಹಳ ಬುದ್ಧಿ ಓಡಿಸಿ ಅಟ್ಟದ ಮೇಲಿದ್ದ ಗೋಡಂಬಿ ಡಬ್ಬಿಯಲ್ಲಿ ಹೂತಿಟ್ಟೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಕೇಕ್ ಸುಡುವ ಒಲೆ ಇಲ್ಲ. ಮನೆಯಲ್ಲೇ ಹಿಟ್ಟು ಕಲಸಿ, ತಟ್ಟೆಗಳಿಗೆ ಹೆಸರಿನ ಚೀಟಿ ಅಂಟಿಸಿ, ಶಿವಾಜಿನಗರದ ಬೇಕರಿಯ ಸೌದೆ ಒಲೆಗೆ ಒಯ್ಯುತ್ತೇವೆ. ರಮ್ಮಿನಲ್ಲಿ ತಿಂಗಳಿಡೀ ನೆನೆದ ದ್ರಾಕ್ಷಿಯ ಮೇಲೆ ಸ್ಟೆಲ್ಲಾ ಗೋಡಂಬಿ ಡಬ್ಬಿಯನ್ನು ಬೋರಲು ಹಾಕಿದಳು. ಮರದ ಸೌಟಿನಲ್ಲಿ ತಿರುವಿದವನು ನಾನೇ, ಅದೂ ಭಕ್ತಿಗೀತೆ ಗುನುಗುತ್ತ. ನಾಲ್ಕು ಕೇಕಾದವು. ಮೂರನ್ನು ಮನೆಗೆ ಇಟ್ಟುಕೊಂಡು, ನಾಲ್ಕನೆಯದನ್ನು ಕಲ್ಯಾಣ ನಗರದ ನಾರಾಯಣ ರೆಡ್ಡಿಯವರ ಮನೆ ಬಾಗಿಲಲ್ಲಿ ಅವರ ಸೊಸೆಯ ಕೈಗೆ ಕೊಟ್ಟು ಬಂದೆ. ರೆಡ್ಡಿಯವರು ನನ್ನ ಹಳೆಯ ಸ್ನೇಹಿತರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ.

ಇಪ್ಪತ್ತನಾಲ್ಕರ ಬೆಳಿಗ್ಗೆ ಡಬ್ಬಿಗೆ ಕೈ ಹಾಕಿದೆ. ಖಾಲಿ. ಸ್ಟೆಲ್ಲಾಳನ್ನು ಒಳಗೆ ಕರೆದು ಹೇಳಿದೆ. ಅವಳು ಬೈಯಲೂ ಇಲ್ಲ, ಸ್ವೆಟರ್ ಹೆಣೆಯುವ ಕಡ್ಡಿ ತಂದಳು. ಮೂರೂ ಕೇಕುಗಳನ್ನು ಚುಚ್ಚಿ ಚುಚ್ಚಿ ಜರಡಿ ಮಾಡಿದೆವು. ದ್ರಾಕ್ಷಿ ಸಿಕ್ಕಿತು, ದೇವರು ಸಿಗಲಿಲ್ಲ. ಅಮ್ಮ ರಾತ್ರಿ ಕೈ ಚಾಚಿದಾಗ ಏನು ಕೊಡಲಿ ಎಂದು ನೆನೆದು ನನಗೆ ಅಳುವೇ ಬಂತು. ಸ್ಕೂಟರ್ ಹತ್ತಿದೆ.

ರೆಡ್ಡಿಯವರು ಕಪ್ಪು ಪಂಚೆ ಉಟ್ಟು, ಕೊರಳಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡು ಕೂತಿದ್ದರು.

“ಕೇಕಾ ಸ್ವಾಮಿ? ಮಾಲೆ ಹಾಕಿದೀನಲ್ಲ, ಮೊಟ್ಟೆ ಮನೇಲಿ ಇಟ್ಕೊಳಂಗಿಲ್ಲ. ನಮ್ ಮಳಿಗೇಲಿರೋ ಟೈಲರ್ ಇಸ್ಮಾಯಿಲ್ ಭಾಯ್‌ಗೆ ಕೊಟ್ಬಿಟ್ಟೆ.”

“ಅದ್ರೊಳಗೆ ನಮ್ ದೇವ್ರಿದಾನೆ ರೆಡ್ಡಿಯವ್ರೆ.”

ಹುಚ್ಚನನ್ನು ನೋಡುವಂತೆ ನೋಡಿಯಾರು ಎಂದುಕೊಂಡಿದ್ದೆ. ಅವರು ಕೈ ಮುಗಿದು, “ಗೊತ್ತಿದ್ರೆ ನಮ್ ದೇವ್ರ ಜೊತೇಲೇ ಕೂರಿಸ್ತಿದ್ನಲ್ಲ ಸ್ವಾಮಿ” ಎಂದು ಬರಿಗಾಲಲ್ಲೇ ನನ್ನ ಹಿಂದೆ ಸ್ಕೂಟರ್ ಹತ್ತಿದರು.

ಆ ವರ್ಷ ರಂಜಾನೂ ಡಿಸೆಂಬರಿಗೇ ಬಂದಿತ್ತು. ಇಸ್ಮಾಯಿಲ್ ಭಾಯ್ ಒಂದು ಕಡೆ ಶೆರ್ವಾನಿ, ಇನ್ನೊಂದು ಕಡೆ ಕ್ರಿಸ್‌ಮಸ್ ಫ್ರಾಕುಗಳ ರಾಶಿಯ ನಡುವೆ ಉಪವಾಸ ಕೂತಿದ್ದರು.

“ರೋಜಾ ಬಿಟ್ಮೇಲೆ ತಿನ್ನೋಣ ಅಂತ ಬಿಚ್ಚಿದೆ ಸಾಬ್. ರಮ್ ವಾಸನೆ! ತೋಬಾ ತೋಬಾ. ಎಸೆಯೋಕೆ ಮನಸ್ ಬರ್ಲಿಲ್ಲ. ಫ್ರಾಕ್ ತಗೊಂಡೋಗೋಕೆ ಕುಕ್ ಟೌನಿನ ಆಗ್ನೆಸ್ ಟೀಚರ್ ಬಂದಿದ್ರು, ಅವ್ರಿಗೆ ಕೊಟ್ಟೆ.” ವಿಷಯ ತಿಳಿದ ಮೇಲೆ ಟೋಪಿ ಸರಿಮಾಡಿಕೊಂಡು, “ತಡೀರಿ, ನಾನೂ ಬರ್ತೀನಿ. ನನ್ ಕೈಯಿಂದಾನೇ ಹೋಗಿದ್ದಲ್ವಾ” ಎಂದು ಅಂಗಡಿಯ ಬಾಗಿಲು ಎಳೆದರು.

ಒಂದೇ ಸ್ಕೂಟರಿನಲ್ಲಿ ಮೂವರು. ಟ್ರಾಫಿಕ್ ಪೊಲೀಸಪ್ಪ ಅಡ್ಡಗಟ್ಟಿ ನನ್ನ ಕೊರಳ ಶಿಲುಬೆ, ಭಾಯಿಯ ಟೋಪಿ, ರೆಡ್ಡಿಯವರ ಮಾಲೆಯನ್ನು ಒಂದೊಂದಾಗಿ ನೋಡಿದ. ಯಾರಿಂದ ಬೈಗುಳ ಶುರು ಮಾಡುವುದೆಂದು ತಿಳಿಯದೆ, ‘ಹೋಗಿ’ ಎಂದು ಕೈ ಬೀಸಿದ.

ಆಗ್ನೆಸ್ ಟೀಚರ್ ಮನೆಗೆ ಬೀಗ. ಪಕ್ಕದ ಮನೆಯಾಕೆ ಹೇಳಿದರು: “ಅವ್ರಿಗೆ ಶುಗರ್ ಅಲ್ವಾ, ಕೇಕ್ ಮುಟ್ಟಲ್ಲ. ಲಿಂಗರಾಜಪುರದಲ್ಲಿ ಅವ್ರ ಹಳೇ ಫ್ರೆಂಡ್ ಇದಾರಂತೆ, ಅವ್ರಿಗ್ ಕೊಟ್ಬರ್ತೀನಿ ಅಂತ ಹೋದ್ರು.”

ಲಿಂಗರಾಜಪುರದಲ್ಲಿ ಟೀಚರಿಗೆ ಇರುವ ಹಳೇ ಸ್ನೇಹಿತೆ ಒಬ್ಬಳೇ, ನನ್ನ ಅಮ್ಮ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮೊಟ್ಟೆ ಒಲ್ಲದವರು, ರಮ್ ಒಲ್ಲದವರು, ಸಕ್ಕರೆ ಒಲ್ಲದವರು, ಆ ಕೇಕನ್ನು ಒಬ್ಬರಿಗೂ ತಿನ್ನುವ ಹಾಗಿರಲಿಲ್ಲ. ಆದರೂ ಒಬ್ಬರೂ ಎಸೆದಿರಲಿಲ್ಲ. ಅಷ್ಟು ಜೋಪಾನ ನನ್ನ ಕೈಯಲ್ಲಿ ಯಾವತ್ತೂ ಸಾಧ್ಯವಾಗಿಲ್ಲ.

ಮನೆ ತಲುಪಿದಾಗ ಸಂಜೆ ಬಿಸಿಲು ಇನ್ನೂ ಇತ್ತು. ಅಮ್ಮ ಗೋದಲಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಮುರಿದ ಕೇಕು, ಅಂಗೈಯಲ್ಲಿ ಮಗು. ಆಗ್ನೆಸ್ ಟೀಚರ್ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಬಿಳೀ ಪ್ಲಾಸ್ಟರು ರಮ್ಮು ಕುಡಿದು, ಒಲೆಯಲ್ಲಿ ಬೆಂದು ಕಂದು ಬಣ್ಣಕ್ಕೆ ತಿರುಗಿತ್ತು.

“ಪೂರ್ತಿ ಕಂದಾಗಿಬಿಟ್ಟಿದಾನೆ ಅತ್ತೆ” ಎಂದಳು ಸ್ಟೆಲ್ಲಾ, ಅಪರಾಧ ತನ್ನದೇ ಎಂಬಂತೆ.

ಅಮ್ಮ ಬೆರಳಿಂದ ಮೂಗು ಸವರಿದಳು. “ಬಿಡು, ನಮ್ ಬಣ್ಣ ಬಂತು. ಮೂಗು ಮೊದಲಿನ್ ಥರಾನೇ ಇದೆ.”

ಬಾಗಿಲಲ್ಲಿ ನಾವು ಮೂವರು. ರೆಡ್ಡಿಯವರು ಕೈ ಮುಗಿದರು. ಇಸ್ಮಾಯಿಲ್ ಭಾಯ್ ಜೇಬು ತಡಕಿ, ಕ್ರಿಸ್‌ಮಸ್ ಫ್ರಾಕಿನಲ್ಲಿ ಉಳಿದಿದ್ದ ಬಿಳೀ ಸ್ಯಾಟಿನ್ ತುಂಡೊಂದನ್ನು ತೆಗೆದು, “ಮಗೂಗೆ ಹೊದಿಸಿ ಅಮ್ಮಾ” ಎಂದು ಕೊಟ್ಟರು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಕೊಂಡೆ. ಅಮ್ಮ ನನ್ನನ್ನು ಬೈಯಬಹುದೆಂದು ಕಾದೆ. ಅವಳು ಮಸುಕು ಕಣ್ಣು ಕಿರಿದು ಮಾಡಿ ಬಾಗಿಲ ಕಡೆ ಒಂದು, ಎರಡು, ಮೂರು ಎಂದು ಎಣಿಸಿದಳು. ಆಮೇಲೆ ನಗುತ್ತ, ಟಿವಿಯ ಮೇಲೆ ನಿಂತಿದ್ದ ಜ್ಞಾನಿಗಳ ಕಡೆ ಕೈ ತೋರಿಸಿದಳು.

“ಈ ಸಲ ಅವ್ರು ನಿಧಾನಕ್ಕೇ ಬರ್ಲಿ ಬಿಡು. ಬರ್ಬೇಕಾದೋರು ಬಂದಾಯ್ತು.”