ಅರ್ಥ ಹೇಳಿ ಅಂಗಿ ಮಾರುತ್ತಿದ್ದ ಮೈನು ಚಾಚಾ

ಮೈನು ಚಾಚಾ ಅಂಗಿಯನ್ನು ಮೊದಲು ತಮ್ಮ ಎದೆಗೇ ಹಿಡಿದುಕೊಳ್ಳುತ್ತಿದ್ದರು. ಅದರ ಎರಡೂ ಭುಜ ಹಿಡಿದು, ಕೊರಳ ಪಟ್ಟಿಯನ್ನು ಗದ್ದದ ಕೆಳಗೆ ಒತ್ತಿ ನಿಂತರೆ, ಮೆಹಂದಿ ಹಚ್ಚಿದ ಕೆಂಪು ಗಡ್ಡ ಮುಗಿದಲ್ಲಿಂದ ಕರಿ ಬಟ್ಟೆ ಶುರುವಾಗುತ್ತಿತ್ತು; ಅದರ ನಡುವೆ ಒಂದು ಅಸ್ಥಿಪಂಜರ ಹಲ್ಲು ಕಿರಿಯುತ್ತಿತ್ತು. ಗಿರಾಕಿ ಕೈ ಚಾಚಿದರೂ ಕೊಡುತ್ತಿರಲಿಲ್ಲ. "ನಿಂದರು. ಅರ್ಥ ಕೇಳಿ ಒಯ್ಯಿ" ಎನ್ನುತ್ತಿದ್ದರು.

ಗಂಗಾವತಿಯ ಸಂತೆಯಲ್ಲಿ, ಬಳೆ ಅಂಗಡಿಗೂ ಒಣಮೆಣಸಿನಕಾಯಿ ರಾಶಿಗೂ ನಡುವೆ ನೀಲಿ ತಾಡಪಾಲು ಹಾಸಿ ಅವರು ಟೀ ಶರ್ಟು ಮಾರುತ್ತಿದ್ದರು. ಎಲ್ಲವೂ ಕರಿಯವು, ಎಲ್ಲವೂ ಒಂದೇ ಹೆವಿ ಮೆಟಲ್ ಬ್ಯಾಂಡಿನವು. ಕೊಳ್ಳುವವರು ಭತ್ತದ ಗದ್ದೆಗೆ ಹೋಗುವ ಹುಡುಗರು, ಲಾರಿ ಕ್ಲೀನರುಗಳು. ಅವರಿಗೆ ಬೇಕಾದದ್ದು ಕೆಸರು ಕಾಣದ ಬಟ್ಟೆ, ಅಷ್ಟೇ. ಜಗತ್ತಿಗೆಲ್ಲ ಗೊತ್ತಿದ್ದ ಆ ಬ್ಯಾಂಡಿನ ಹೆಸರನ್ನು ಚಾಚಾ ಎಂದೂ ಹೇಳಲಿಲ್ಲ. "ನಮ್ಮ ಹುಡುಗ್ರು" ಎನ್ನುತ್ತಿದ್ದರು. ಆ ಹುಡುಗರಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಅರವತ್ತಾರು ವರ್ಷ.

ನಮ್ಮ ಹುಡುಗರ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಕಡಿಮೆ. ಒಂದು ಹಾಡಿನ ಆರಂಭದಲ್ಲಿ ಕೇಳುವ ಗುಡುಗು ಗುಡುಗಲ್ಲ, ನೆಲದ ಮೇಲೆ ಕಬ್ಬಿಣದ ಕಪಾಟು ಎಳೆದ ಸದ್ದು. ಡ್ರಮ್ ಬಾರಿಸುವವನು ಕೈ ಪಳಗಿಸಿದ್ದು ಬೇಕರಿಯ ಹಿಂದೆ ಬಿದ್ದ ಎಣ್ಣೆ ಡಬ್ಬಿಗಳ ಮೇಲೆ. ಹಾಡುವವನು ಕಣ್ಣು ಮುಚ್ಚಿ ಚೀರುವುದನ್ನು ನೋಡಿ ಎಲ್ಲರೂ ಸಿಟ್ಟು ಎಂದುಕೊಂಡಿದ್ದಾರೆ. "ಸಿಟ್ಟು ಅಲ್ಲ ಬೇಟಿ. ಚಷ್ಮಾ ಇಲ್ದ ಅಂವಗ ಏನೂ ಕಾಣಂಗಿಲ್ಲ. ಚಷ್ಮಾ ಹಾಕ್ಕೊಂಡು ಚೀರಿದ್ರ ಮಂದಿ ನಗತಾರ. ಅದಕ್ಕ ಕಣ್ಣ ಮುಚ್ಚಿಬಿಡ್ತಾನ" ಎಂದು ನನಗೆ ಹೇಳಿದ್ದರು.

ಇದೆಲ್ಲ ಅವರು ಕಲಿತದ್ದು ಗೋವಾದಲ್ಲಿ. ಎಂಟು ವರ್ಷ ಕಡಲ ದಂಡೆಯ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದಿದ್ದರು. ಆ ಹೋಟೆಲಿನ ಸಾಹುಕಾರನ ಬಳಿ ಇದ್ದದ್ದು ಒಂದೇ ಬ್ಯಾಂಡಿನ ಕ್ಯಾಸೆಟ್ಟುಗಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆತ ಸಾಲು ಸಾಲಿಗೂ ಕ್ಯಾಸೆಟ್ಟು ನಿಲ್ಲಿಸಿ ಹಿಂದಿಯಲ್ಲಿ ಅರ್ಥ ಬಿಡಿಸುತ್ತಿದ್ದನಂತೆ. ಚಾಚಾ ಮಾತ್ರ ಆ ಕರಿ ಅಂಗಿಯನ್ನು ಎಂದೂ ತೊಟ್ಟವರಲ್ಲ, ಸದಾ ಬಿಳಿ ಜುಬ್ಬಾ. ಯಾಕೆಂದು ಕೇಳಿದರೆ, "ಕರೀದು ಭಾಳ ಸೆಕಿ, ಬೇಟಿ" ಎಂದರು.

ನನಗೆ ಎಲ್ಲವನ್ನೂ ಬರೆದಿಡುವ ರೂಢಿ. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಡೈರಿಯ ಹಿಂದಿನ ಹಾಳೆಗಳಲ್ಲಿ ಚಾಚಾ ಹೇಳಿದ ಅರ್ಥಗಳನ್ನು ದಿನಾಂಕ ಹಾಕಿ ಇಳಿಸತೊಡಗಿದೆ. ಒಟ್ಟು ಮೂವತ್ತೊಂದಾದವು. ಆಮೇಲೆ ಮೊದಲನೆಯದರಿಂದ ಹಿಡಿದು, ವಾರಕ್ಕೊಂದರಂತೆ, ಇಂಟರ್ನೆಟ್ಟಿನಲ್ಲಿ ಹಾಡಿನ ಸಾಲು ಹುಡುಕಿ, ನಿಘಂಟು ಇಟ್ಟುಕೊಂಡು ಓದಿ, ಸರಿ ಇದ್ದರೆ ಎದುರಿಗೆ ಗೆರೆ ಎಳೆಯುತ್ತಿದ್ದೆ. ಊರ ಹುಡುಗರು ಮೆರವಣಿಗೆಯಲ್ಲಿ ಕುಣಿಯುವ ಅಬ್ಬರದ ಹಾಡು ಮಗನ ಅಂಗಿಗಳನ್ನು ಮಡಚಿಡುವ ತಾಯಿಯದು: ಸರಿ. ಹೆಡೆ ಎತ್ತಿದ ಹಾವಿನ ಹಾಡು ಕುಡಿತ ಬಿಟ್ಟವನದು: ಅದೂ ಸರಿ.

ಹಾವಿನ ಅಂಗಿಯನ್ನು ಒಮ್ಮೆ ಹುಲಿಹೈದರದ ಕಡೆಯವನೊಬ್ಬ ಎತ್ತಿಕೊಂಡ. ಚಾಚಾ ಅವನ ಬಾಯಿಯ ವಾಸನೆ ಹಿಡಿದವರೇ ಅರ್ಥ ಹೇಳಿದರು. "ಈ ಹಾವು ಬಾಟ್ಲಿ ಒಳಗ ಇರತೈತಿ. ಹಾಡಾಂವ ಮುಚ್ಚಳ ತಗ್ಯಾಂಗಿಲ್ಲ ಅಂತ ಆಣಿ ಮಾಡ್ಯಾನ. ನೀ ಏನ್ ಮಾಡಾಂವ?" ಅವನು ತುಸು ಯೋಚಿಸಿ, "ಹುಲೀದು ಐತೇನ್ರಿ?" ಎಂದ. ಹುಲಿಯದು ಇರಲಿಲ್ಲ. ಅವನು ಬರಿಗೈಯಲ್ಲಿ ಹೋದ. ಚಾಚಾ ಇಡೀ ದಿನ ಖುಷಿಯಲ್ಲಿದ್ದರು.

ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದದ್ದು ಮೊಣಕಾಲುಮಟ್ಟದ ನೀರಿನಲ್ಲಿ ಕಂದೀಲು ಹಿಡಿದು ನಿಂತ ಅಸ್ಥಿಪಂಜರ. ಚಾಚಾ ಅದಕ್ಕೆ ಕಂದೀಲಪ್ಪ ಎಂದು ಹೆಸರಿಟ್ಟಿದ್ದರು. ನನ್ನ ಅಣ್ಣ ಮಂಜುವಿನ ಬಳಿಯೂ ಒಂದಿತ್ತು.

ನವೆಂಬರ್ ಒಂಬತ್ತರ ಬೆಳಿಗ್ಗೆ ಮಂಜು ಅದನ್ನೇ ತೊಟ್ಟು ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದಾಗ ಮರಳಿ ಊರಿನ ಯಂಕಪ್ಪನವರು ಹೇಳದೆ ಕೇಳದೆ ಬಂದುಬಿಟ್ಟರು. ಮಂಜು ಅವರ ಮಗಳು ಸುಮಾಳನ್ನು ನೋಡಿ ಬಂದು ಹದಿನೈದು ದಿನವಾಗಿತ್ತು, ಇಬ್ಬರಿಗೂ ಒಪ್ಪಿಗೆಯಾಗಿತ್ತು. ಯಂಕಪ್ಪನವರು ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಹುಡುಗ ಮನೆಯಲ್ಲಿ ಹೇಗಿರುತ್ತಾನೆ ಎಂದು ನೋಡಲು ಬಂದಿದ್ದರು. ನೋಡಿದರು. ಅವ್ವ ಕೊಟ್ಟ ಚಹಾ ಮುಟ್ಟಲಿಲ್ಲ.

"ಎದಿ ಮ್ಯಾಲ ಹೆಣಾ ಹೊತ್ತು ತಿರಗೋ ಹುಡುಗಗ ಮಗಳನ್ನ ಹ್ಯಾಂಗ ಕೊಡ್ಲಿ, ಯವ್ವಾ?"

"ಅದು ಬರೇ ಚಿತ್ರ ಐತ್ರಿ" ಎಂದಳು ಅವ್ವ.

"ಹೂವಿನ ಚಿತ್ರ ಸಿಗಲಿಲ್ಲೇನು?"

ನಾನು ಎರಡು ಓಣಿ ಆಚೆಗೆ ಓಡಿ, ದಾರಿಯಲ್ಲಿ ಎಲ್ಲ ಹೇಳುತ್ತ ಚಾಚಾನನ್ನು ಕರೆತಂದೆ.

ಚಾಚಾ ಮಂಜುವನ್ನು ಯಂಕಪ್ಪನವರ ಎದುರು ತಂದು ನಿಲ್ಲಿಸಿ ಅಂಗಿಯ ಮೇಲಿನ ಅಸ್ಥಿಪಂಜರ ತೋರಿಸಿದರು. "ಯಂಕಪ್ಪಣ್ಣಾ, ಇಂವ ಹೆಣಾ ಅಲ್ರಿ, ಇಂವ ನಿಮ್ಮಂಥಾಂವ. ಡ್ಯಾಮಿನ ಗೇಟ್ ಕಾಯಾಂವ. ಹೊಳಿ ಬಂತು. ಇಂವ ಕಂದೀಲ ಹಿಡದು ನೀರಾಗ ಇಳದು ಗೇಟ್ ಎತ್ತಿದ. ಊರು ಉಳೀತು, ಇಂವ ಉಳಿಲಿಲ್ಲ. ಇವತ್ತಿಗೂ ಕಾಯಾಕ ನಿಂತಾನ."

ಯಂಕಪ್ಪನವರು ಎದ್ದು ಬಂದು ಆ ಕಂದೀಲನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನಮ್ಮಂಥಾರ ಮ್ಯಾಲೂ ಹಾಡ ಕಟ್ಯಾರೇನು?" ಎಂದರು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ನಿಶ್ಚಿತಾರ್ಥದ ದಿನ ಗೊತ್ತುಮಾಡಿ ಹೋದರು.

ನನ್ನ ಪಟ್ಟಿಯಲ್ಲಿ ಕಂದೀಲಪ್ಪನದು ಇಪ್ಪತ್ಮೂರನೆಯದು. ಅದರ ಸರದಿ ಬಂದದ್ದು ನಿಶ್ಚಿತಾರ್ಥಕ್ಕೆ ಒಂಬತ್ತು ದಿನ ಇರುವಾಗ. ಹಾಡಿನ ಮೊದಲರ್ಧ ಚಾಚಾ ಹೇಳಿದಂತೆಯೇ ಇತ್ತು: ಡ್ಯಾಮು, ಕಾವಲುಗಾರ, ಏರುವ ಹೊಳೆ. ಕೊನೆಯ ಭಾಗ ಬೇರೆ. ಕಾವಲುಗಾರ ನಿದ್ದೆ ಹೋಗಿದ್ದಾನೆ. ಗೇಟು ಎತ್ತುವವರಿಲ್ಲದೆ ಊರು ಮುಳುಗಿದೆ. ಅವನು ಕಂದೀಲು ಹಿಡಿದು ನಿಂತಿರುವುದು ಮುಳುಗಿದವರ ಹೆಸರು ಒಂದೊಂದಾಗಿ ಕೂಗಲು.

ಮುಂದಿನ ಎರಡು ದಿನ ಡೈರಿಯಲ್ಲಿ ದಿನಾಂಕ ಬಿಟ್ಟರೆ ಏನೂ ಇಲ್ಲ. ಮೂರನೆಯ ದಿನ ಸಂತೆಗೆ ಹೋಗಿ ಹೇಳಿದೆ.

ಚಾಚಾ ನನ್ನ ಫೋನಿನಲ್ಲಿದ್ದ ಹಾಡಿನ ಸಾಲುಗಳನ್ನು ನನ್ನಿಂದ ಎರಡು ಸಲ ಓದಿಸಿ, ಎರಡು ಸಲವೂ ಅರ್ಥ ಹೇಳಿಸಿಕೊಂಡರು. "ಅವತ್ತು ಗೋವಾದಾಗ ಅರ್ಧಾ ಹೇಳೂದ್ರಾಗ ಗಿರಾಕಿ ಬಂದ್ರು. ಸಾಹುಕಾರ ಎದ್ದು ಹೋದ. ಉಳಿದದ್ದು ನಾನ ಕೂಡಿಸಿದೆ" ಎಂದರು. ಗಿರಾಕಿಗಳು ನಿಂತಿರುವಾಗಲೇ ಗಂಟು ಕಟ್ಟತೊಡಗಿದರು. "ನಡಿ, ಮರಳಿಗೆ."

"ಬ್ಯಾಡ್ರಿ ಚಾಚಾ. ಲಗ್ನಾ ಆದ ಮ್ಯಾಲ ಹೇಳೂಣು. ಈಗ ಹೇಳಿದ್ರ ಮುರದ ಬೀಳತೈತಿ."

"ಅಂಗಿ ಖರಾಬ್ ಇದ್ರ ವಾಪಸ್ ತಗೋತೀನಿ. ಆ ಹುಡುಗೀನ ಹ್ಯಾಂಗ ವಾಪಸ್ ತಗೊಳ್ಲಿ, ಹೇಳು?"

ಮಂಜುವಿಗೆ ಹೇಳದೆ ಇಬ್ಬರೂ ಆಟೋ ಹತ್ತಿದೆವು. ಯಂಕಪ್ಪನವರು ಕಾಲುವೆ ದಂಡೆಯ ಬೇವಿನ ಮರದ ಕೆಳಗೆ ಕೂತಿದ್ದರು. ಚಾಚಾ ಗಂಟನ್ನು ಮೊಣಕಾಲ ಮೇಲಿಟ್ಟುಕೊಂಡು ಎಲ್ಲ ಹೇಳಿದರು, ನಿದ್ದೆಯನ್ನೂ ಬಿಡಲಿಲ್ಲ. "ಹುಡುಗಂದು ತಪ್ಪಿಲ್ರಿ. ಅರ್ಥ ನಂದು" ಎಂದು ಮುಗಿಸಿದರು.

ಯಂಕಪ್ಪನವರು ಕಾಲುವೆಯ ನೀರಿನ ಕಡೆ ತಿರುಗಿದರು. ಮಂಜುವಿನ ಮದುವೆ ಆ ನೀರಿನಲ್ಲಿ ಹರಿದು ಹೋಗುತ್ತಿದೆ ಎಂದು ನನಗೆ ಅನ್ನಿಸಿತು.

"ಎಷ್ಟ ಹೊತ್ತು ಮಲಗಿದ್ದನಂತ ಅಂವ?" ಎಂದರು.

"ಅದನ್ನ ಹಾಡಿನಾಗ ಹೇಳಿಲ್ರಿ" ಎಂದೆ ನಾನು.

"ನಾ ಒಂದ ತಾಸು ಮಲಗಿದ್ದೆ. ಸುಮಾ ಹುಟ್ಟಿದ ವಾರ. ಎದ್ದು ನೋಡಿದ್ರ ದಂಡಿ ಒಡದು ಕೆಳಗಿನ ಹನ್ನೊಂದ ಮಂದಿ ಭತ್ತ ಹೋಗಿತ್ತು. ದಂಡಿ ತಾನ ಒಡೀತು ಅಂದೆ. ಎಲ್ಲಾರೂ ನಂಬಿದ್ರು. ಆ ಹನ್ನೊಂದ ಹೆಸರೂ ನನ್ನ ಬಾಯಾಗ ಅದಾವು." ಒಮ್ಮೆ ಮುಖ ಒರೆಸಿಕೊಂಡರು. "ಸಾಹೇಬ್ರ, ನೀವು ಮೊದ್ಲು ಹೇಳಿದ್ದು ಕೇಳಿದಾಗಿಂದ ಎದಿ ಮ್ಯಾಲ ಕಲ್ಲ ಇಟ್ಟಂಗ ಇತ್ತು. ಇದು ಖರೇ ಹಾಡು. ತಾರೀಖ ಏನೂ ಬದಲ ಮಾಡೂದು ಬ್ಯಾಡ." ಆಮೇಲೆ ಗಂಟಿನ ಕಡೆ ನೋಡಿ ಕೇಳಿದರು: "ನನ್ನ ಅಳತೀದು ಐತೇನು?"

ಇತ್ತು. ಚಾಚಾ ಅಭ್ಯಾಸಬಲದಿಂದ ಅದನ್ನು ಎದೆಗೆ ಹಿಡಿದು ಬಾಯಿ ತೆರೆದರು. ಹೇಳುವುದೇನೂ ಉಳಿದಿರಲಿಲ್ಲ. ಸುಮ್ಮನೆ ಕೊಟ್ಟುಬಿಟ್ಟರು.

ಮದುವೆಯಾದ ಮುಂದಿನ ಮಳೆಗಾಲದಲ್ಲಿ ಚಾಚಾನ ಮೊಣಕಾಲು ಸೋತವು. ರಾಯಚೂರಿನಲ್ಲಿರುವ ಮಗಳ ಮನೆಗೆ ಹೊರಟಾಗ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಕಂದೀಲಪ್ಪನ ಆಮೇಲೆ ನಾನು ಆ ಪಟ್ಟಿ ಮುಟ್ಟಿರಲಿಲ್ಲ. "ಉಳದ ಎಂಟು ನೋಡು. ತಪ್ಪಿದ್ರ ಫೋನ್ ಹಚ್ಚು" ಎಂದರು. ಎಂಟನ್ನೂ ನೋಡಿದೆ. ಎಂಟೂ ಸರಿ ಇದ್ದವು. ಅದನ್ನು ಹೇಳಲು ಫೋನ್ ಮಾಡಿದ ದಿನ ಮಗಳು ಎತ್ತಿದಳು; ಚಾಚಾ ತೀರಿಕೊಂಡು ನಾಲ್ಕು ದಿನವಾಗಿತ್ತು.

ಸಂತೆಯ ಆ ಜಾಗದಲ್ಲಿ ಈಗ ಪ್ಲಾಸ್ಟಿಕ್ ಕೊಡಗಳಿವೆ.

ಮೊನ್ನೆ ಸುಮಾ ವೈನಿಯ ಜೊತೆ ಮರಳಿಗೆ ಹೋಗಿದ್ದೆ. ಯಂಕಪ್ಪನವರು ಧೋತರದ ಮೇಲೆ ಕಂದೀಲಪ್ಪನನ್ನು ತೊಟ್ಟು ಕಾಲುವೆ ದಂಡೆಯ ಮೇಲೆ ಬರುತ್ತಿದ್ದರು. ಎದುರಿಗೆ ಬೈಕಿನಲ್ಲಿ ಬಂದ ಇಬ್ಬರು ಹುಡುಗರು, "ಅಜ್ಜಾರ ಸ್ಟೈಲ್ ನೋಡಲೇ" ಎಂದು ನಕ್ಕರು. ಯಂಕಪ್ಪನವರು ಕೈ ಅಡ್ಡ ಹಿಡಿದು ಬೈಕ್ ನಿಲ್ಲಿಸಿದರು.

"ನಿಂದರ್ರಿ. ಅರ್ಥ ಕೇಳಿ ಹೋಗ್ರಿ."