ಅರ್ಥಶಾಸ್ತ್ರದ ವಿಶ್ವವಿದ್ಯಾಲಯಕ್ಕೆ ಒಂದು ಬಸ್ಸು

ನಮ್ಮ ಅರ್ಥಶಾಸ್ತ್ರ ವಿಶ್ವವಿದ್ಯಾಲಯದ ಚರಿತ್ರೆ ಬರೆದುಕೊಡಿ ಎಂದು ಕುಲಪತಿಗಳು ಕೇಳಿದಾಗ ನಾನು ಹಿಗ್ಗಿದ್ದು ನಿಜ. ಅದರ ಮೊದಲ ತಂಡದ ವಿದ್ಯಾರ್ಥಿನಿ ನಾನು. ಈಗ ಅಲ್ಲೇ ಪಾಠ ಮಾಡುತ್ತೇನೆ.

ನಾನು ಓದುವಾಗ ಅದಿನ್ನೂ ವಿಶ್ವವಿದ್ಯಾಲಯವಾಗಿರಲಿಲ್ಲ. ದೊಡ್ಡಬಳ್ಳಾಪುರದ ಹಳೆಯ ಸರ್ಕಾರಿ ಶಾಲೆಯೊಂದರ ಹಿಂಭಾಗದಲ್ಲಿ ನಡೆಯುತ್ತಿದ್ದ ಸ್ನಾತಕೋತ್ತರ ಕೇಂದ್ರ. ಗೋಡೆಯಾಚೆ ವಿದ್ಯುತ್ ಮಗ್ಗಗಳು. ಬೇಡಿಕೆ, ಪೂರೈಕೆ ಎಂದು ಮೇಷ್ಟ್ರು ಗಂಟಲು ಹರಿದುಕೊಂಡು ಪಾಠ ಹೇಳಬೇಕಿತ್ತು. ಕರೆಂಟು ಹೋದಾಗಷ್ಟೇ ಅವರ ಮಾತು ಸರಿಯಾಗಿ ಕೇಳುತ್ತಿತ್ತು. ಆಗ ನೇಕಾರರ ಮನೆಯ ಹುಡುಗಿಯರಾದ ನಮ್ಮ ಮುಖ ಬಾಡುತ್ತಿತ್ತು, ಮನೆಯಲ್ಲೂ ಮಗ್ಗ ನಿಂತಿರುತ್ತದಲ್ಲ! ಬೆಳಗ್ಗೆ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತಿಟ್ಟು ನಡೆದೇ ಕ್ಲಾಸಿಗೆ ಬರುತ್ತಿದ್ದೆವು. ನಡೆದು ಹೋಗುವಷ್ಟು ಹತ್ತಿರ ಎಂಬ ಒಂದೇ ಕಾರಣಕ್ಕೆ ಅಪ್ಪ ನನ್ನನ್ನು ಎಂ.ಎ.ಗೆ ಸೇರಿಸಿದ್ದು.

ಆಮೇಲೆ ಕೇಂದ್ರ ವಿಶ್ವವಿದ್ಯಾಲಯವಾಯಿತು. ದೇವನಹಳ್ಳಿಯಿಂದಾಚೆ, ಹೆದ್ದಾರಿ ಬಿಟ್ಟು ಒಳಗೆ, ಜಾಗ ಸಿಕ್ಕಿತು. ಗಾಜಿನ ಕಟ್ಟಡ ಎದ್ದಿತು, ಸಭಾಂಗಣ ಬಂತು, ಹೊಸ ಹೊಸ ಕೋರ್ಸುಗಳು ಬಂದವು. ದೂರದೂರಿನ ವಿದ್ಯಾರ್ಥಿಗಳು ಬಂದು ಹಾಸ್ಟೆಲ್ ತುಂಬಿದರು. ದೊಡ್ಡಬಳ್ಳಾಪುರದ ನೇಕಾರರ ಮನೆಗಳಿಂದ, ದೇವನಹಳ್ಳಿ ಪಕ್ಕದ ವಿಜಯಪುರದ ರೇಷ್ಮೆ ನೂಲು ತೆಗೆಯುವವರ ಮನೆಗಳಿಂದ ಬರುತ್ತಿದ್ದ ಹುಡುಗಿಯರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾದರು.

ನಮ್ಮ ಬೀದಿಯದೇ ಒಬ್ಬ ಹುಡುಗಿ, ಬಲು ಚುರುಕು, ಮೊದಲ ಸೆಮಿಸ್ಟರ್ ಮುಗಿಸಿ ಬರುವುದನ್ನು ನಿಲ್ಲಿಸಿಬಿಟ್ಟಳು. ನಾನು ಅವಳ ಮನೆಗೆ ಹೋದೆ. ಅವಳಪ್ಪ ಮಗ್ಗ ನಿಲ್ಲಿಸಿ ಹೊರಗೆ ಬಂದರು.

"ಓದ್ಸೋಕೆ ನಂಗೇನೂ ಬೇಜಾರಿಲ್ಲ ಕಣಮ್ಮ. ಸಂಜೆ ಕತ್ತಲಲ್ಲಿ ಆ ಹೈವೇವರ್ಗೂ ಒಬ್ಳೇ ನಡ್ಕೊಂಡು, ಎರಡು ಬಸ್ ಹತ್ತಿ ಇಳಿದು ಬಾ ಅಂತ ಹೆಂಗಮ್ಮ ಹೇಳ್ಲಿ? ಒಂದು ಬಸ್ ಬಿಡ್ಸಿ, ನಾಳೇನೇ ಕಳಿಸ್ತೀನಿ."

ನಾನು ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ಬಸ್ಸು ಡಿಪೋದವರ ಕೆಲಸ ಎಂದರು. ಡಿಪೋಗೆ ಹೋದೆ.

"ಆ ರೂಟಲ್ಲಿ ಜನ ಇಲ್ಲ ಮೇಡಂ," ಎಂದರು ಅಲ್ಲಿಯ ಅಧಿಕಾರಿ.

"ಬಸ್ ಇಲ್ಲ ಅಂತಾನೇ ಜನ ಇಲ್ಲ ಸಾರ್."

"ಜನ ಬರ್ಲಿ, ಆಮೇಲೆ ನೋಡೋಣ."

ಇಂಥದ್ದನ್ನೇ ನಾನು ತರಗತಿಯಲ್ಲಿ 'ವಿಷವರ್ತುಲ' ಎಂದು ವಿವರಿಸುತ್ತೇನೆ. ಅವತ್ತು ಆ ಪದ ನೆನೆದೇ ಮೈಯೆಲ್ಲ ಉರಿಯಿತು.

ಚರಿತ್ರೆಯಲ್ಲಿ ಇದನ್ನೆಲ್ಲ ಬರೆದೆ. ಸಂಪಾದಕ ಸಮಿತಿಯ ಅಧ್ಯಕ್ಷರು ನನ್ನನ್ನು ಕರೆಸಿದರು.

"ಮೇಡಂ, ಕಟ್ಟಡ, ಕೋರ್ಸು, ಘಟಿಕೋತ್ಸವ ಇಷ್ಟು ಸಾಕು. ಬಸ್ಸು ಗಿಸ್ಸು ಯಾಕೆ? ಇದು ಚರಿತ್ರೆ, ಅರ್ಜಿ ಅಲ್ಲ."

"ಯಾರು ಬಂದ್ರು ಅನ್ನೋದು ಚರಿತ್ರೆ ಆದ್ರೆ, ಯಾರು ಬರೋದು ನಿಲ್ಲಿಸಿದ್ರು ಅನ್ನೋದೂ ಚರಿತ್ರೆ ತಾನೇ ಸಾರ್?"

"ನೀವು ಸ್ವಲ್ಪ ಎಮೋಷನಲ್ ಆಗ್ತಿದೀರಿ."

ಬರೆದದ್ದನ್ನೆಲ್ಲ ಎತ್ತಿಕೊಂಡು ಎದ್ದುಬಂದೆ. ಪುಸ್ತಕವನ್ನು ಅವರು ಬೇರೆಯವರಿಂದ ಬರೆಸಿಕೊಂಡರು. ಅದು ಶಂಕುಸ್ಥಾಪನೆಯಿಂದ ಶುರುವಾಗುತ್ತದೆ. ಹಳೆಯ ಶಾಲೆಯಾಗಲಿ, ಗಂಟಲು ಹರಿದುಕೊಂಡ ಮೇಷ್ಟ್ರಾಗಲಿ ಅದರಲ್ಲಿಲ್ಲ. ಬಿಡುಗಡೆಯ ಸಮಾರಂಭಕ್ಕೆ ನಾನು ಹೋಗಲಿಲ್ಲ. ಹೋಗದಿದ್ದುದನ್ನು ಯಾರೂ ಗಮನಿಸಲೂ ಇಲ್ಲ ಎಂಬುದು ಇನ್ನಷ್ಟು ಕುಟುಕಿತು.

ನನ್ನ ಕಾಟ ತಾಳಲಾರದೆಯೋ ಏನೋ, ಕೊನೆಗೆ ಕುಲಪತಿಗಳೇ ಸಾರಿಗೆ ಸಂಸ್ಥೆಯ ಮೇಲಿನವರ ಹತ್ತಿರ ಮಾತಾಡಿದರು. ಬಸ್ಸು ಬಂತು. ಗೇಟಿನ ಮುಂದೆ ಹಾರ ಹಾಕಿ ಫೋಟೊ ತೆಗೆಸಿಕೊಂಡರು. ಆದರೆ ಅದು ಕ್ಯಾಂಪಸ್ಸು ಮುಟ್ಟುವ ಹೊತ್ತಿಗೆ ಬೆಳಗಿನ ತರಗತಿಗಳು ಮುಗಿದಿರುತ್ತವೆ. ಸಮಯ ಬದಲಿಸಿ ಎಂದರೆ ಡಿಪೋದವರು ಒಪ್ಪುವುದಿಲ್ಲ. ನನ್ನ ತರಗತಿಯನ್ನಾದರೂ ಮಧ್ಯಾಹ್ನಕ್ಕೆ ಹಾಕಿ ಎಂದರೆ ವಿಭಾಗದವರು ಒಪ್ಪುವುದಿಲ್ಲ.

ಮೊನ್ನೆ ಸೀರೆ ಅಂಗಡಿಯೊಂದರಲ್ಲಿ ಓದು ಬಿಟ್ಟ ಆ ಹುಡುಗಿ ಸಿಕ್ಕಳು. ಅಲ್ಲೇ ಕೆಲಸಕ್ಕಿದ್ದಾಳೆ.

"ಬಸ್ ಬಂತಂತೆ ಮೇಡಂ?"

"ಬಂತು. ಕ್ಲಾಸ್ ಮುಗಿದ್ಮೇಲೆ ಬರುತ್ತೆ."

ಅವಳು ಗೊಳ್ಳನೆ ನಕ್ಕಳು. ನನಗೆ ನಗು ಬರಲಿಲ್ಲ. ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದಾಳಂತೆ, ಸಂಖ್ಯಾಶಾಸ್ತ್ರದ ಪತ್ರಿಕೆ ಕಷ್ಟ ಎಂದಳು. ಭಾನುವಾರ ಮನೆಗೆ ಬಾ ಎಂದೆ. ಬರುತ್ತಿದ್ದಾಳೆ. ಅವಳೊಬ್ಬಳು ಪಾಸಾಗುತ್ತಾಳೆ, ನನಗೆ ಅನುಮಾನವಿಲ್ಲ. ಮಿಕ್ಕವರನ್ನು ನೆನೆದಾಗ ಮಾತ್ರ ನನ್ನ ಸಿಟ್ಟು ಇಳಿಯುವುದಿಲ್ಲ.