ಜೇಬಿನ ಡಬ್ಬಿ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆಗೆ ನೀರು ಚಿಮುಕಿಸುವ ಮೊದಲು ಜೇಬು ತಡಕುವುದು ಅವಳ ರೂಢಿ. ಬೀಗದ ಕೈ, ಗುಂಡಿ, ಪೆನ್ನಿನ ಮುಚ್ಚಳ, ಸಿಕ್ಕಿದ್ದೆಲ್ಲ ಗೋಡೆಯ ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ. ಮನೆಯವರ ಜೇಬಿಗೂ ಅದೇ ಕಾನೂನು: ಬಾಯಿಬಿಟ್ಟು ಕೇಳಬೇಕು, ಯಾತಕ್ಕೆ ಎಂದು ಹೇಳಿ ತೆಗೆದುಕೊಳ್ಳಬೇಕು.

"ಊರಿನ ಜೇಬೆಲ್ಲ ನನ್ನ ಕೈಲಿ, ನನಗೇ ಒಂದು ಜೇಬಿಲ್ಲ," ಎಂದು ನಗುತ್ತಿದ್ದಳು.

ಆ ಬೆಳಿಗ್ಗೆ ಡಬ್ಬಿಯಲ್ಲಿ ಕಾಗದ ಸುತ್ತಿದ ಒಂದು ಮಾತ್ರೆಯಿತ್ತು. ರಾಶಿ ಬಟ್ಟೆಯ ನಡುವೆ ಉದುರಿ ಸಿಕ್ಕಿದ್ದು; ಯಾರ ಜೇಬಿನದೋ, ಕೇಳಿಕೊಂಡು ಬಂದಾರು ಎಂದು ಅವಳು ಸುಮ್ಮನಿದ್ದಳು. ಯಾರೂ ಕೇಳಿರಲಿಲ್ಲ.

ಗಂಡನಿಗೆ ತಲೆನೋವು. ಔಷಧಿ ಅಂಗಡಿಯವರೆಗೆ ನಡೆಯಲು ಮೈಗಳ್ಳತನ. ಡಬ್ಬಿ ಕೆದಕಿ, "ಲೇ, ಮನೇಲೇ ಇದೆಯಲ್ಲೇ ಮಾತ್ರೆ!" ಎಂದು ನೀರಿನ ಲೋಟ ಎತ್ತಿದ.

"ಅಪ್ಪಾ, ಬೇಡ!"

ಪಾತ್ರೆ ತಿಕ್ಕುತ್ತಿದ್ದ ಮಗಳು ಸೋಪಿನ ಕೈಯಲ್ಲೇ ಓಡಿಬಂದು ಅವನ ಕೈ ತಟ್ಟಿದಳು. ಮಾತ್ರೆ ನೆಲಕ್ಕೆ ಬಿತ್ತು.

ಇಸ್ತ್ರಿ ಅಕ್ಕ ಬಗ್ಗಿ ಅದನ್ನು ಎತ್ತಿಕೊಂಡಳು.

"ನಿಂದಾ?"

"ಹ್ಞೂಂ. ಕ್ಲಾಸಿನವಳು ಕೊಟ್ಲು. ನುಂಗಿದ್ರೆ ರಾತ್ರಿಯೆಲ್ಲ ನಿದ್ದೇನೇ ಬರಲ್ಲವಂತೆ. ಏನು ಮಾತ್ರೆ ಅಂತ ಅವಳಿಗೂ ಗೊತ್ತಿಲ್ಲ. ನಾನಿನ್ನೂ ತಿಂದಿಲ್ಲಮ್ಮ, ನಿನ್ನಾಣೆ."

"ಅಪ್ಪ ತಿನ್ನಬಾರದ್ದು ನೀನು ತಿನ್ನಬಹುದೇನೇ?"

ಮಗಳು ತಲೆ ತಗ್ಗಿಸಿದಳು. "ಪರೀಕ್ಷೆ ಹತ್ರ ಬಂತು. ಅಣ್ಣ ಊಟ ಮಾಡಿ ಎದ್ದವನೇ ಓದೋಕೆ ಕೂರ್ತಾನೆ. ನಾನು ಪಾತ್ರೆ, ನೆಲ, ಅವನ ಬಟ್ಟೆ ಎಲ್ಲ ಮುಗಿಸಿ ಪುಸ್ತಕ ಹಿಡಿಯೋ ಹೊತ್ತಿಗೆ ಕಣ್ಣು ಮುಚ್ಕೊಂಡು ಹೋಗ್ತವೆ."

ಬೈಗುಳ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಆ ಕೆಲಸಗಳನ್ನೆಲ್ಲ ಹುಡುಗಿಗೆ ಹೇಳಿದವಳು ತಾನೇ. ಹುಡುಗನಿಗೆ ಹೇಳಲು ಒಮ್ಮೆಯೂ ಬಾಯಿ ಬಂದಿರಲಿಲ್ಲ. ಇಸ್ತ್ರಿ ಮಾಡಿಟ್ಟ ಯಾರದೋ ಟವೆಲ್ಲು ಎಳೆದು ಮಗಳ ಕೈ ಒರೆಸಿದಳು. ಮಾತ್ರೆಯನ್ನು ಪಾಯಿಖಾನೆಗೆ ಹಾಕಿ ನೀರು ಸುರಿದು ಬಂದಳು.

"ಮತ್ತೆ ಯಾರಾದ್ರೂ ಕೊಟ್ರೆ?"

"ಬೇಡ ಅಂತೀನಿ."

"ಕೊಟ್ಟವಳನ್ನೂ ಇಲ್ಲಿಗೇ ಕರ್ಕೊಂಡು ಬಾ. ಬೈಯಲ್ಲ. ಪಾಪ, ಅವಳ ಮನೇಲಿ ಎಷ್ಟು ಪಾತ್ರೆಯೋ." ಗಂಡನ ಕಡೆ ತಿರುಗಿದಳು. "ಏನ್ರೀ, ತಲೆನೋವು?"

"ಹೆದರಿಕೆಗೇ ಓಡಿಹೋಯ್ತು ಮಾರಾಯ್ತಿ."

"ಹಾಗಾದ್ರೆ ಪಾತ್ರೆ ಅರ್ಧಕ್ಕೆ ನಿಂತಿದೆ, ನಡೀರಿ. ನಿಮ್ಮ ಸುಪುತ್ರನ್ನೂ ಎಬ್ಬಿಸಿ. ಇನ್ಮೇಲೆ ಅದು ನಿಮ್ಮಿಬ್ರದ್ದೇ."

ಸ್ವಲ್ಪ ಹೊತ್ತಿಗೆ ಒಳಗೆ ತಟ್ಟೆಯೊಂದು ಢಣಾರನೆ ಬಿತ್ತು. ಮಗಳು ಏಳಹೋದಳು. ಅಮ್ಮ ಭುಜ ಒತ್ತಿ ಕೂರಿಸಿದಳು. "ಬೀಳಲಿ ಬಿಡು. ಕಲೀತಾರೆ."

ಹುಡುಗಿ ಬೆಚ್ಚಗಿನ ಬಟ್ಟೆಯ ರಾಶಿಗೆ ಒರಗಿದಳು. ಒರಗಿದಲ್ಲೇ ಕಣ್ಣು ಮುಚ್ಚಿದಳು.

ಬಾಗಿಲಲ್ಲಿ ಗಿರಾಕಿ. "ಅಕ್ಕಾ, ನನ್ನ ಷರ್ಟು?"

"ಶ್! ಸಂಜೆ ಬಾರಪ್ಪ. ಅದರ ಮೇಲೆ ನನ್ನ ಮಗಳು ಮಲಗಿದಾಳೆ."